ನಾಲ್ಕು ಸಲ ಜಿಮ್ ಬಿಟ್ಟವರು ಐದನೇ ಸಲ ಏನು ಮಾಡಬೇಕು?

ಪ್ರಶ್ನೆ: ನನಗೆ 44 ವರ್ಷ. ಕೂತು ಮಾಡುವ ಕೆಲಸ. ಇಪ್ಪತ್ತೈದರಿಂದ ಈಚೆಗೆ ನಾಲ್ಕು ಸಲ ಜಿಮ್ ಸೇರಿದ್ದೇನೆ, ನಾಲ್ಕು ಸಲವೂ ಬಿಟ್ಟಿದ್ದೇನೆ. ಶುರುವಿನಲ್ಲಿ ದಿನಕ್ಕೆ ಒಂದೂವರೆ ಗಂಟೆ ಮೈ ಬೆವರಿಳಿಸುತ್ತೇನೆ. ಎರಡು-ಮೂರು ತಿಂಗಳಾಗುವಷ್ಟರಲ್ಲಿ ಜ್ವರವೋ, ಪ್ರಯಾಣವೋ, ಆಫೀಸಿನ ಕೆಲಸವೋ ಬಂದು ಒಂದು ವಾರ ತಪ್ಪುತ್ತದೆ. ಆಮೇಲೆ ಹೋಗುವ ಮನಸ್ಸೇ ಬರುವುದಿಲ್ಲ. 21 ದಿನ ಬಿಡದೆ ಮಾಡಿದರೆ ಅಭ್ಯಾಸ ಆಗುತ್ತದೆ ಅಂತಾರೆ. ನಾನು 60 ದಿನ ಮಾಡಿದರೂ ಆಗಲಿಲ್ಲ. ನನಗೆ ಶಿಸ್ತೇ ಇಲ್ವಾ? ಜೀವನಪೂರ್ತಿ ದಿನಾ ವ್ಯಾಯಾಮ ಮಾಡುವವರು ಅದು ಹೇಗೆ ಮಾಡುತ್ತಾರೆ? ಇನ್ನೊಂದು ಮಾತು: ಬೆಳಿಗ್ಗೆ ಮಾಡುವುದು ಒಳ್ಳೆಯದೋ, ಸಂಜೆಯೋ?

ಉತ್ತರ: ದಿನಕ್ಕೆ ಒಂದೂವರೆ ಗಂಟೆಯಂತೆ ಎರಡು-ಮೂರು ತಿಂಗಳು ದೇಹ ದಂಡಿಸಿದವರಿಗೆ ಶಿಸ್ತಿಲ್ಲ ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಒಂದು ಚಿಕ್ಕ ಸಾಲಿನ ಮೇಲೆ. 'ಒಂದು ವಾರ ತಪ್ಪುತ್ತದೆ. ಆಮೇಲೆ ಹೋಗುವ ಮನಸ್ಸೇ ಬರುವುದಿಲ್ಲ.' ನಿಮ್ಮ ಗಾಡಿ ನಾಲ್ಕು ಸಲವೂ ಕೆಟ್ಟು ನಿಂತಿದ್ದು ಅದೇ ತಿರುವಿನಲ್ಲಿ. ಆದರೆ ನೀವು ಪ್ರತಿ ಸಲವೂ ರಿಪೇರಿ ಮಾಡಿದ್ದು ಶುರುವನ್ನು. ಹೊಸ ಜಿಮ್, ಹೊಸ ಹುರುಪು, ಇನ್ನೂ ಗಟ್ಟಿಯಾದ ಪಣ.

ನಾನು ಫಿಸಿಯೋಥೆರಪಿಸ್ಟ್. ಇಪ್ಪತ್ತು ವರ್ಷದಿಂದ ಮಂಡಿ, ಸೊಂಟ, ಭುಜ ಹಿಡಿದುಕೊಂಡು ಬರುವವರನ್ನು ನೋಡುತ್ತಿದ್ದೇನೆ. 'ಇವರು ಒಂದು ದಿನವೂ ಬಿಟ್ಟವರಲ್ಲ' ಅಂತ ನಾವು ಅಂದುಕೊಳ್ಳುವ ಜನ ಇರುತ್ತಾರಲ್ಲ, ಅವರನ್ನು ಕೂರಿಸಿ ಕೇಳಿ. ಎಲ್ಲರೂ ಬಿಟ್ಟಿರುತ್ತಾರೆ. ಹೆರಿಗೆಗೆ, ಅಪ್ಪನ ಆಸ್ಪತ್ರೆ ಓಡಾಟಕ್ಕೆ, ಮನೆ ಬದಲಿಸಿದ್ದಕ್ಕೆ, ಬೆನ್ನುನೋವಿಗೆ. ಕೆಲವರು ತಿಂಗಳುಗಟ್ಟಲೆ. ಆದರೆ ವಾಪಸ್ ಬರುವ ದಾರಿ ಅವರಿಗೆ ಗೊತ್ತು. ಎಷ್ಟೋ ಸಲ ಬಂದು ಬಂದು ಅದು ಸವೆದ ದಾರಿಯಾಗಿರುತ್ತದೆ. ನಿಮಗೆ ಯಾರೂ ಹೇಳಿಕೊಡದೆ ಇದ್ದಿದ್ದು ಇದೊಂದೇ.

ಮೊದಲು ಆ 21 ದಿನದ ಲೆಕ್ಕ ಮುಗಿಸೋಣ. ಅದು ವ್ಯಾಯಾಮದ ಲೆಕ್ಕವೇ ಅಲ್ಲ. ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಮಾತು ಅದು. ಆಪರೇಷನ್ ಆದ ರೋಗಿಗೆ ಕನ್ನಡಿಯಲ್ಲಿ ಕಾಣುವ ಹೊಸ ಮುಖ ತನ್ನದೇ ಅನ್ನಿಸಲು ಕಡಿಮೆಯೆಂದರೂ 21 ದಿನ ಬೇಕು ಅಂದಿದ್ದರು. ಬಾಯಿಂದ ಬಾಯಿಗೆ ಹೋಗುವಾಗ 'ಕಡಿಮೆಯೆಂದರೂ' ಉದುರಿಹೋಯಿತು. ಮುಖವೂ ಉದುರಿ ಅಭ್ಯಾಸ ಬಂದು ಕೂತಿತು. ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು ಇದನ್ನು ನಿಜವಾಗಿ ಅಳೆದು ನೋಡಿದರು. 96 ಜನರನ್ನು 12 ವಾರ ಗಮನಿಸಿದ ಆ ಅಧ್ಯಯನದಲ್ಲಿ, ಒಂದು ಕೆಲಸ ಯೋಚಿಸದೆ ತಾನಾಗಿ ಆಗುವ ಮಟ್ಟಕ್ಕೆ ಬರಲು ಹಿಡಿದ ಅವಧಿಯ ಮಧ್ಯದ ಅಂಕಿ 66 ದಿನ. ಆದರೆ ಅಗಲ ನೋಡಿ: 18 ದಿನದಿಂದ 254 ದಿನದವರೆಗೆ! ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಕೂತಿತು, ವ್ಯಾಯಾಮಕ್ಕೆ ಜಾಸ್ತಿ ದಿನ ಹಿಡಿಯಿತು. ಹಾಗಾಗಿ 60 ದಿನಕ್ಕೆ ನಿಮಗೆ ಆಗಲಿಲ್ಲ ಅಂದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ. ಅದೇ ಅಧ್ಯಯನದಲ್ಲಿ ನಿಮ್ಮ ಕೆಲಸಕ್ಕೆ ಬರುವ ಇನ್ನೊಂದು ಸಂಗತಿ ಇದೆ. ಮಧ್ಯೆ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಏಟು ಬೀಳಲಿಲ್ಲ.

ಹಾಗಿದ್ದರೆ ನಿಮಗೆ ಏಟು ಬಿದ್ದಿದ್ದು ಎಲ್ಲಿ? ಮನಸ್ಸಿನ ಲೆಕ್ಕದಲ್ಲಿ. ಒಂದು ವಾರ ತಪ್ಪಿತು, ಇಷ್ಟು ದಿನ ಮಾಡಿದ್ದೆಲ್ಲ ನೀರಿನಲ್ಲಿ ಹೋಯಿತು ಅನ್ನಿಸಿತು. ದೇಹ ಹಾಗೆ ಲೆಕ್ಕ ಹಾಕುವುದಿಲ್ಲ. ವಾರದಲ್ಲಿ ಹೋಗುವುದು ತೀರಾ ಸ್ವಲ್ಪ. ಉಸಿರಿನ ತಾಕತ್ತು ಎರಡು ವಾರದ ಹೊತ್ತಿಗೆ ಇಳಿಯಲು ಶುರುವಾಗುತ್ತದೆ. ಸ್ನಾಯುಗಳ ಬಲ ಮೂರ್ನಾಲ್ಕು ವಾರ ಬಹುಪಾಲು ಹಾಗೇ ಇರುತ್ತದೆ. ಎಂಟನೇ ದಿನ ಜಿಮ್ಮಿಗೆ ಹೋಗಿದ್ದರೆ ನಿಮಗೆ ಕಾಣುತ್ತಿದ್ದಿದ್ದು ಸ್ವಲ್ಪ ಏದುಸಿರು, ಮಾರನೇ ದಿನ ಸ್ವಲ್ಪ ಮೈಕೈ ನೋವು, ಅಷ್ಟೆ.

ಪೂರ್ತಿ ಮಲಗಿಬಿಟ್ಟರೆ ಮಾತ್ರ ಕಥೆ ಬೇರೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐದು ಜನ ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ನೋಡಿದರು. ಎಲ್ಲರಿಗೂ ಸುಮಾರು ಇಪ್ಪತ್ತು ವರ್ಷ. ಮೂವತ್ತು ವರ್ಷ ಬಿಟ್ಟು ಅದೇ ಐದು ಜನರನ್ನು ಮತ್ತೆ ಕರೆದು ಪರೀಕ್ಷೆ ಮಾಡಿದರು. ಮೂವತ್ತು ವರ್ಷದ ವಯಸ್ಸು ಅವರ ದೇಹದ ದುಡಿಯುವ ಶಕ್ತಿಯನ್ನು ಕುಗ್ಗಿಸಿದ್ದಕ್ಕಿಂತ ಆ ಮೂರು ವಾರದ ಮಲಗುವಿಕೆ ಜಾಸ್ತಿ ಕುಗ್ಗಿಸಿತ್ತು! ನನಗೆ ಇದಕ್ಕಿಂತ ಇಷ್ಟವಾಗುವುದು ಮುಂದಿನ ಭಾಗ. ಈಗ ಐವತ್ತರ ಆಸುಪಾಸಿನಲ್ಲಿದ್ದ, ಹೊಟ್ಟೆ ಬಂದಿದ್ದ ಆ ಐವರಿಗೆ ಆರು ತಿಂಗಳು ನಿಧಾನವಾಗಿ ಹೆಚ್ಚಿಸುತ್ತಾ ನಡಿಗೆ, ಜಾಗಿಂಗ್, ಸೈಕ್ಲಿಂಗ್ ಮಾಡಿಸಿದರು. ವಯಸ್ಸು ಕಿತ್ತುಕೊಂಡಿದ್ದ ಶಕ್ತಿ ವಾಪಸ್ ಬಂತು, ಇಪ್ಪತ್ತರ ಹರೆಯದಲ್ಲಿ ಮಲಗುವ ಮೊದಲು ಎಷ್ಟಿತ್ತೋ ಸರಾಸರಿ ಅಷ್ಟಕ್ಕೆ. ನೀವಿನ್ನೂ 44.

ವಾಪಸ್ ಬರುವುದೇ ಮುಖ್ಯ ಅನ್ನುವುದು ನನ್ನ ಕ್ಲಿನಿಕ್ಕಿನ ಅನುಭವ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. 2021ರಲ್ಲಿ ಅದಕ್ಕೆ ಹೊಂದುವ ಒಂದು ದೊಡ್ಡ ಪ್ರಯೋಗ ಪ್ರಕಟವಾಯಿತು. ಕೇಟಿ ಮಿಲ್ಕ್‌ಮನ್ ಮತ್ತು ಸಂಗಡಿಗರು ಅಮೆರಿಕದ ಒಂದು ಜಿಮ್ ಸರಣಿಯ 61,000ಕ್ಕೂ ಹೆಚ್ಚು ಸದಸ್ಯರ ಮೇಲೆ, ಜಿಮ್ಮಿಗೆ ಬರುವಂತೆ ಮಾಡುವ 54 ಬಗೆಯ ಉಪಾಯಗಳನ್ನು ಒಂದೇ ಸಮಯಕ್ಕೆ ಹಚ್ಚಿ ನೋಡಿದರು. ಎಲ್ಲಕ್ಕಿಂತ ಮುಂದೆ ನಿಂತ ಉಪಾಯ ಯಾವುದು ಗೊತ್ತಾ? ಒಂದು ದಿನ ತಪ್ಪಿಸಿದವರು ಮುಂದಿನ ಸಲ ಬಂದರೆ ಅವರಿಗೆ ಪುಡಿಗಾಸಿನಷ್ಟು ಹೆಚ್ಚುವರಿ ಬಹುಮಾನ. ಆ ಬಹುಮಾನದಿಂದ ಯಾರೂ ಶ್ರೀಮಂತರಾಗುತ್ತಿರಲಿಲ್ಲ. ಆದರೂ ತಪ್ಪಿದವರಿಗೆ 'ಬನ್ನಿ, ಬಾಗಿಲು ತೆರೆದಿದೆ' ಅಂದಂತೆ ಆಯಿತೇನೋ ಅಂತ ನನಗನ್ನಿಸುತ್ತದೆ.

ಇನ್ನು ನನ್ನದೇ ಕಥೆ. ಆರು ವರ್ಷದ ಹಿಂದೆ ಫೋನ್ ನೋಡುತ್ತಾ ಮೆಟ್ಟಿಲು ಇಳಿಯುವಾಗ ಕಾಲು ಉಳುಕಿತು. ಊರಿಗೆಲ್ಲ ಬುದ್ಧಿ ಹೇಳುವವನಿಗೇ ಹೀಗಾಯಿತಾ ಅಂತ ಮನೆಯಲ್ಲಿ ನಕ್ಕರು. ಮೂರು ವಾರಕ್ಕೆ ಊತ ಪೂರ್ತಿ ಇಳಿದಿತ್ತು, ನಡೆಯಬಹುದಿತ್ತು. ನಾನು ನಡೆಯಲಿಲ್ಲ. ಮುಂದಿನ ಸೋಮವಾರದಿಂದ ಅಂದುಕೊಂಡೆ. ಆ ಸೋಮವಾರ ಬಂತು, ಇನ್ನೊಂದು ಸೋಮವಾರವೂ ಬಂತು. ಏಳನೇ ವಾರ ಒಂದು ಮಂಗಳವಾರ ಸಂಜೆ, ಯಾಕೋ ಗೊತ್ತಿಲ್ಲ, ಸ್ಟ್ಯಾಂಡಿನ ಕೆಳಗಿಂದ ಶೂ ಎಳೆದೆ. ಮೇಲೆ ಧೂಳು. ಕಾಲು ಉಳುಕಿದ ದಿನ ಅವಸರದಲ್ಲಿ ಹಾಗೇ ಕಿತ್ತಿಟ್ಟಿದ್ದರಿಂದ ಲೇಸಿನ ಗಂಟು ಹಾಗೇ ಇತ್ತು, ಬಿಗಿದುಕೊಂಡು ಕಲ್ಲಾಗಿತ್ತು. ಉಗುರಿನಿಂದ ಕೆದಕಿ ಬಿಡಿಸಲು ಎರಡು ನಿಮಿಷ ಹಿಡಿಯಿತು. ಆ ಎರಡು ನಿಮಿಷದಲ್ಲಿ ನಾಲ್ಕು ಸಲ 'ನಾಳೆ ನೋಡೋಣ' ಅನ್ನಿಸಿತು. ಕೊನೆಗೆ ಬೀದಿಯ ತುದಿಯವರೆಗೆ ಹೋಗಿ ಬಂದೆ. ಆರು ನಿಮಿಷ. ಹಿಂದೆಲ್ಲ ನಲವತ್ತೈದು ನಿಮಿಷ ನಡೆಯುತ್ತಿದ್ದವನಿಗೆ ಆರು ನಿಮಿಷ ಅಂದರೆ ಸ್ವಲ್ಪ ನಾಚಿಕೆಯೇ. ಮಾರನೇ ದಿನವೂ ಬೇಕೆಂದೇ ಆರೇ ನಿಮಿಷ. ಮೂರನೇ ದಿನ ಹತ್ತು. ಅಂದಿನಿಂದ ನಾನು ರೋಗಿಗಳಿಗೆ ಹೇಳುವ ಒಂದು ಮಾತು ಬದಲಾಯಿತು. ಮೊದಲೆಲ್ಲ 'ಬಿಡಬೇಡಿ' ಅನ್ನುತ್ತಿದ್ದೆ. ಈಗ 'ಬಿಟ್ಟಾಗ ಮೊದಲ ದಿನ ಏನು ಮಾಡ್ತೀರಿ ಅನ್ನೋದನ್ನ ಇವತ್ತೇ ನಿರ್ಧಾರ ಮಾಡಿ' ಅನ್ನುತ್ತೇನೆ.

ನೀವೂ ನಿರ್ಧಾರ ಮಾಡಿ. ಬರೆದೇ ಇಡಿ. ವಾಪಸ್ ಬರುವ ಮೊದಲ ದಿನ ಹತ್ತೇ ನಿಮಿಷ, ಇನ್ನೂ ಮಾಡಬೇಕು ಅನ್ನಿಸಿದರೂ ಹತ್ತೇ ನಿಮಿಷ. ಮೊದಲ ವಾರ ಹಿಂದೆ ಮಾಡುತ್ತಿದ್ದುದರ ಅರ್ಧ. ತೂಕ ಎತ್ತುತ್ತಿದ್ದರೆ ತೂಕವೂ ಅರ್ಧ. ಆರಂಭಶೂರರು ಬೀಳುವುದೇ ಇಲ್ಲಿ. ಹತ್ತು ದಿನದ ಬಾಕಿ ಒಂದೇ ದಿನ ತೀರಿಸಲು ಹೋಗುತ್ತಾರೆ. ಮಾರನೇ ದಿನ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಅಲ್ಲಿಗೆ ಮತ್ತೆ ರಜೆ. ತಪ್ಪಿದ ದಿನಗಳಿಗೆ ಬಡ್ಡಿ ಕಟ್ಟಬೇಕಾಗಿಲ್ಲ. ಅಸಲೂ ಕಟ್ಟಬೇಕಾಗಿಲ್ಲ.

ಎರಡನೇ ವಿಷಯ ಆ ಒಂದೂವರೆ ಗಂಟೆ. ಕೆಲಸ, ಮನೆ, ನಿದ್ದೆ ಎಲ್ಲ ಸರಿಯಿದ್ದ ದಿನಕ್ಕೆ ಮಾತ್ರ ಹೊಂದುವ ಅಳತೆ ಅದು. ಅಂಥ ದಿನ ತಿಂಗಳಿಗೆ ಎಷ್ಟು ಬರುತ್ತವೆ? ದಿನಾ ಮಾಡುವ ಕೆಲಸದ ಅಳತೆಯನ್ನು ಕೆಟ್ಟ ದಿನ ನೋಡಿ ಇಡಬೇಕು. ತಲೆನೋವು, ತಡವಾದ ಮೀಟಿಂಗ್, ಪರಸ್ಥಳದ ಹೋಟೆಲ್ ಕೋಣೆ, ಇಂಥ ದಿನವೂ ಮಾಡಿ ಮುಗಿಸಬಹುದಾದಷ್ಟು. ನಿಮಗೆ ನನ್ನ ಸಲಹೆ ಐದು ನಿಮಿಷ. ನಗಬೇಡಿ. ಐದು ನಿಮಿಷ ಅನ್ನುವುದು ನೆಲ, ಅದರ ಕೆಳಗೆ ಇಳಿಯುವುದಿಲ್ಲ ಅಂತ. ಮೇಲೆ ಎಷ್ಟು ಬೇಕಾದರೂ ಹೋಗಬಹುದು. ಜ್ವರ ಇದ್ದರೆ ಮಾತ್ರ ಅದೂ ಬೇಡ, ಮಲಗಿ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಅಳತೆ ನಿಮಗೆ ಗೊತ್ತಿರಬಹುದು: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಇಲ್ಲವೇ 75ರಿಂದ 150 ನಿಮಿಷ ಜೋರಾದ ಶ್ರಮ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ. 150 ನಿಮಿಷ ಅಂದರೆ ದಿನಕ್ಕೆ 21 ನಿಮಿಷ ಚಿಲ್ಲರೆ. ಹಳೆಯ ನಿಯಮದಲ್ಲಿ ಒಂದು ಸಲಕ್ಕೆ ಹತ್ತು ನಿಮಿಷವಾದರೂ ಇರಬೇಕು ಅಂತಿತ್ತು, 2020ರಲ್ಲಿ ಅದನ್ನು ತೆಗೆದುಹಾಕಿದರು. ಮೂರು ನಿಮಿಷ, ಐದು ನಿಮಿಷದ ಚೂರುಗಳೂ ಲೆಕ್ಕಕ್ಕೆ ಬರುತ್ತವೆ. ಮಧ್ಯಮ ಶ್ರಮ ಅಂದರೆ ಎಷ್ಟು ಅಂತ ತಿಳಿಯಲು ಯಂತ್ರ ಬೇಡ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಾಲ್ಕು ಪದಕ್ಕೊಮ್ಮೆ ಉಸಿರಿಗಾಗಿ ನಿಲ್ಲಬೇಕಾಗಿ ಬಂದರೆ ಅದು ಜೋರಾದ ಶ್ರಮ.

ದಿನಕ್ಕೆ ಹತ್ತು ಸಾವಿರ ಹೆಜ್ಜೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳಿಯೇ ಹೇಳುತ್ತಾರೆ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ 'ಹತ್ತು ಸಾವಿರ ಹೆಜ್ಜೆಯ ಮೀಟರ್'. ಸಂಖ್ಯೆ ಜನಪ್ರಿಯವಾಗಿದ್ದು ಅಲ್ಲಿಂದ. ಒಳ್ಳೆಯ ಸಂಖ್ಯೆಯೇ, ಆದರೆ ಆರು ಸಾವಿರ ನಡೆದ ದಿನ ಸೋತೆ ಅಂತ ಮಲಗಬೇಡಿ.

ಆ ಐದು ನಿಮಿಷದಲ್ಲಿ ಏನು ಮಾಡಬೇಕು? ನಾನಾದರೆ ಕುರ್ಚಿಯಿಂದ ಶುರು ಮಾಡುತ್ತೇನೆ. ಕೂತೇ ಕೆಲಸ ಮಾಡುವವರಿಗೆ ಮೊದಲು ಸೋಲುವುದು ತೊಡೆ ಮತ್ತು ಕುಂಡಿಯ ಸ್ನಾಯುಗಳು. ಚಕ್ರ ಇಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಮುಂದಕ್ಕೆ ಸರಿದು ಅಂಚಿನಲ್ಲಿ ಕೂತುಕೊಳ್ಳಿ. ಪಾದಗಳು ಸೊಂಟದಷ್ಟೇ ಅಗಲ, ಮಂಡಿಗಿಂತ ಸ್ವಲ್ಪ ಹಿಂದೆ. ಕೈ ಎದೆಯ ಮೇಲೆ ಕಟ್ಟಿ. ಮೂಗು ಕಾಲಿನ ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಹಿಮ್ಮಡಿ ನೆಲಕ್ಕೆ ಒತ್ತಿ ಎದ್ದು ನಿಲ್ಲಿ. ಕೂರುವುದು ನಿಧಾನ. ಒಂದು, ಎರಡು, ಮೂರು ಅಂತ ಎಣಿಸುತ್ತಾ ಇಳಿಯಿರಿ. ಧಪ್ ಅಂತ ಬೀಳಬಾರದು, ಕುರ್ಚಿಗೆ ಶಬ್ದವೇ ಆಗಬಾರದು. ಮಂಡಿಗಳು ಒಂದರ ಕಡೆ ಇನ್ನೊಂದು ವಾಲುತ್ತವಾ ಅಂತ ನೋಡಿಕೊಳ್ಳಿ, ಬಹಳ ಜನರಿಗೆ ವಾಲುತ್ತವೆ. ಹತ್ತು ಸಲ ಮಾಡಿ, ಒಂದು ನಿಮಿಷ ಸುಮ್ನೆ ಓಡಾಡಿ, ಮತ್ತೆ ಹತ್ತು ಸಲ. ಗೋಡೆಗೆ ಕೈಯಿಟ್ಟು ಹತ್ತು ಪುಷ್-ಅಪ್. ಐದು ನಿಮಿಷ ಮುಗಿಯಿತು. ಸುಲಭ ಅನ್ನಿಸಿದ ದಿನ ಕುರ್ಚಿ ತೆಗೆಯಿರಿ, ಇಲ್ಲವೇ ಬೆನ್ನಿಗೆ ಭಾರದ ಬ್ಯಾಗ್ ಹಾಕಿಕೊಳ್ಳಿ.

ನಮ್ಮ ಮಾತಿನಲ್ಲಿ 'ಹೊತ್ತು ಗೊತ್ತು ಇಲ್ಲ' ಅಂತ ಬೈಯುತ್ತಾರಲ್ಲ, ವ್ಯಾಯಾಮಕ್ಕೂ ಅದೇ ರೋಗ. 'ಬಿಡುವಾದಾಗ ಮಾಡ್ತೀನಿ' ಅಂದರೆ ಆಗುವುದಿಲ್ಲ. ಬ್ರಿಟನ್ನಿನಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಏನೂ ವಿಶೇಷ ಹೇಳಲಿಲ್ಲ. ಇನ್ನೊಂದಕ್ಕೆ ವ್ಯಾಯಾಮ ಮಾಡದಿದ್ದರೆ ಹೃದಯಕ್ಕೆ ಏನಾಗುತ್ತದೆ ಅಂತ ಓದಿಸಿದರು. ಮೂರನೆಯದಕ್ಕೆ ಅದನ್ನೇ ಓದಿಸಿ, ಮುಂದಿನ ವಾರ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಮಾಡುತ್ತೀರಿ ಅಂತ ಬರೆಸಿಕೊಂಡರು. ಮೊದಲ ಗುಂಪಿನಲ್ಲಿ ವ್ಯಾಯಾಮ ಮಾಡಿದವರು ನೂರಕ್ಕೆ 38. ಹೆದರಿಸಿದ ಗುಂಪಿನಲ್ಲಿ 35. ಹೊತ್ತು ಗೊತ್ತು ಬರೆದವರಲ್ಲಿ 91. ಹೆದರಿಕೆಯಿಂದ ಏನೂ ಆಗಲಿಲ್ಲ ನೋಡಿ. ನಾವು ವೈದ್ಯಕೀಯದವರು ಇನ್ನೂ ಹೆದರಿಸುತ್ತಲೇ ಇದ್ದೇವೆ.

ಗಂಟೆಗಿಂತಲೂ ಚೆನ್ನಾಗಿ ಕೆಲಸ ಮಾಡುವುದು ಆಗಲೇ ಇರುವ ಒಂದು ಅಭ್ಯಾಸದ ಬಾಲಕ್ಕೆ ಕಟ್ಟುವುದು. ಹಲ್ಲುಜ್ಜಿದ ತಕ್ಷಣ ಕುರ್ಚಿ. ಲ್ಯಾಪ್‌ಟಾಪ್ ಮುಚ್ಚಿದ ತಕ್ಷಣ ಶೂ. ನಮ್ಮಲ್ಲಿಗೆ ಬರುತ್ತಿದ್ದ ಒಬ್ಬ ಹಿರಿಯರು, ಎಪ್ಪತ್ತೊಂದು ವರ್ಷ, ಹಲ್ಲುಜ್ಜುವಾಗಲೇ ಬೇಸಿನ್ ಹಿಡಿದು ಒಂಟಿ ಕಾಲಿನಲ್ಲಿ ನಿಲ್ಲುತ್ತಿದ್ದರು. ಮೇಲಿನ ಸಾಲಿಗೆ ಎಡಗಾಲು, ಕೆಳಗಿನ ಸಾಲಿಗೆ ಬಲಗಾಲು. 'ಮರೆಯೋಕೆ ಹೇಗೆ ಸಾಧ್ಯ, ಬಾಯಲ್ಲಿ ಬ್ರಶ್ ಇರುತ್ತಲ್ಲ' ಅನ್ನುತ್ತಿದ್ದರು.

ದಿನದ ಕೆಲಸದೊಳಗೇ ಸೇರಿಹೋದ ಓಡಾಟ ಎಷ್ಟು ದೊಡ್ಡದು ಅಂತ ಮೊದಲು ತೋರಿಸಿದವರಲ್ಲಿ ಬ್ರಿಟನ್ನಿನ ವೈದ್ಯ ಜೆರೆಮಿ ಮಾರಿಸ್ ಒಬ್ಬರು. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ಡ್ರೈವರ್ ಇಡೀ ದಿನ ಕೂತಿರುತ್ತಿದ್ದ, ಕಂಡಕ್ಟರ್ ಟಿಕೆಟ್ ಕೊಡಲು ಇಡೀ ದಿನ ಹತ್ತಿ ಇಳಿಯುತ್ತಿದ್ದ. ಕಂಡಕ್ಟರ್‌ಗಳಲ್ಲಿ ಹೃದಯಾಘಾತ ಕಡಿಮೆ ಅಂತ 1953ರಲ್ಲಿ ಅವರು ಪ್ರಕಟಿಸಿದರು. ಮುಂದೆ ಅವರೇ ಸಮವಸ್ತ್ರದ ಅಳತೆಗಳನ್ನು ತೆಗೆದು ನೋಡಿ, ಡ್ರೈವರ್‌ಗಳ ಪ್ಯಾಂಟಿನ ಸೊಂಟ ದೊಡ್ಡದು ಅಂತಲೂ ತೋರಿಸಿದರು. ಹಾಗಾಗಿ ಪೂರ್ತಿ ಪುಣ್ಯ ಮೆಟ್ಟಿಲಿನದ್ದೇ ಅನ್ನುವಂತಿಲ್ಲ. ಆದರೂ ಆ ಕಂಡಕ್ಟರ್‌ಗಳಲ್ಲಿ ಯಾರೂ ಬೆಳಿಗ್ಗೆ ಎದ್ದು 'ಇವತ್ತು ವ್ಯಾಯಾಮ ಮಾಡಬೇಕಲ್ಲಪ್ಪ' ಅಂತ ಯೋಚಿಸಿರಲಾರರು. ನಿಮ್ಮ ದಿನದಲ್ಲಿ ಅಂಥ ಮೆಟ್ಟಿಲು ಎಲ್ಲಿದೆ ಹುಡುಕಿ. ಅಂದ ಹಾಗೆ ಮಾರಿಸ್ ತೀರಿಕೊಂಡಿದ್ದು 2009ರಲ್ಲಿ, 99ನೇ ವಯಸ್ಸಿನಲ್ಲಿ.

'ಜೀವನಪೂರ್ತಿ' ಅಂತ ಕೇಳಿದ್ದೀರಿ. ಈಗ ಮಾಡುವುದನ್ನೇ ಎಂಬತ್ತರಲ್ಲೂ ಮಾಡಬೇಕು ಅಂತೇನಿಲ್ಲ. ಆಟ, ಓಟ, ಈಜು, ನಡಿಗೆ, ಯೋಗ, ವಯಸ್ಸಿಗೆ ತಕ್ಕ ಹಾಗೆ ಬದಲಾಗುತ್ತಾ ಹೋಗಲಿ. ಒಂದನ್ನು ಮಾತ್ರ ಯಾವ ವಯಸ್ಸಿನಲ್ಲೂ ಬಿಡಬೇಡಿ, ಬಲದ ವ್ಯಾಯಾಮ. ಮೂವತ್ತು ದಾಟಿದ ಮೇಲೆ ದಶಕಕ್ಕೆ ನೂರಕ್ಕೆ ಮೂರರಿಂದ ಎಂಟರಷ್ಟು ಸ್ನಾಯು ಕರಗುತ್ತಾ ಹೋಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. ತಡವಾಯಿತು ಅನ್ನುವವರಿಗೆ ನಾನು 1990ರ ಒಂದು ಪ್ರಯೋಗದ ಕಥೆ ಹೇಳುತ್ತೇನೆ. ವೃದ್ಧಾಶ್ರಮದಲ್ಲಿದ್ದ, ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನ ಬಲದ ತರಬೇತಿ ಕೊಟ್ಟರು. ಪೂರ್ತಿ ಮಾಡಿದವರ ಬಲ ಸರಾಸರಿ 174 ಪ್ರತಿಶತ ಹೆಚ್ಚಾಯಿತು. ಅರವತ್ತೈದು ದಾಟಿದವರಿಗೆ ವಾರದಲ್ಲಿ ಮೂರು ದಿನವಾದರೂ ದೇಹದ ಸಮತೋಲನದ ವ್ಯಾಯಾಮವೂ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬ್ರಶ್ ಹಿಡಿದು ಒಂಟಿ ಕಾಲಿನಲ್ಲಿ ನಿಂತ ಹಿರಿಯರಿಗೆ ಅದು ತಾನಾಗಿ ಆಗುತ್ತಿತ್ತು.

ಒಂದು ಎಚ್ಚರಿಕೆ. ನಿಮಗೆ ಬಿಪಿ, ಶುಗರ್, ಹೃದಯದ ತೊಂದರೆ ಇದ್ದರೆ ಜೋರಾದ ಶ್ರಮಕ್ಕೆ ಇಳಿಯುವ ಮುಂಚೆ ನಿಮ್ಮ ವೈದ್ಯರ ಜೊತೆ ಮಾತಾಡಿ. ನಡೆಯುವಾಗ ಎದೆ ಹಿಡಿದಂತಾದರೆ, ನೋವು ತೋಳಿಗೋ ದವಡೆಗೋ ಹರಿದರೆ, ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಿಸಿ, ಕೂಡಲೇ ಆಸ್ಪತ್ರೆಗೆ ಹೋಗಿ. ಅಂಥ ಹೊತ್ತಿನಲ್ಲಿ ಛಲ ಬೇಡ.

ಜಿಮ್ಮಿಗೆ ಮತ್ತೆ ಸೇರಬೇಕಾ? ಇಷ್ಟ ಇದ್ದರೆ ಸೇರಿ. ಆದರೆ ಮನೆಯ ಐದು ನಿಮಿಷ ಎರಡು-ಮೂರು ತಿಂಗಳು ನಡೆದ ಮೇಲೆ ಸೇರಿ, ಮತ್ತು ಇಡೀ ವರ್ಷದ ಹಣ ಒಟ್ಟಿಗೆ ಕಟ್ಟಬೇಡಿ.

ಕೊನೆಯದು, ಬೆಳಿಗ್ಗೆಯೋ ಸಂಜೆಯೋ. ಆರೋಗ್ಯದ ಮಟ್ಟಿಗೆ ದೊಡ್ಡ ವ್ಯತ್ಯಾಸವಿಲ್ಲ. ನಿಮ್ಮನ್ನು ಯಾರೂ ಕರೆಯದ ಹೊತ್ತು ಯಾವುದೋ ಅದೇ ಒಳ್ಳೆಯ ಹೊತ್ತು. ಬಹಳ ಜನರಿಗೆ ಅದು ಬೆಳಿಗ್ಗೆ, ಎಲ್ಲರಿಗೂ ಅಲ್ಲ. ನಾನು ಬೆಳಿಗ್ಗೆಯವನು, ನನ್ನ ಹೆಂಡತಿ ಸಂಜೆಯವಳು. ಮದುವೆಯಾಗಿ ಹದಿನೆಂಟು ವರ್ಷವಾಯಿತು, ಇಬ್ಬರೂ ಒಟ್ಟಿಗೆ ವಾಕಿಂಗ್ ಹೋಗಿದ್ದು ಬೆರಳೆಣಿಕೆಯಷ್ಟು ಸಲ. ಬೆಳಿಗ್ಗೆ ನಾನು ಕದ ತೆರೆಯುವಾಗ ಅವಳು ಮುಸುಕೆಳೆದುಕೊಳ್ಳುತ್ತಾಳೆ. ಸಂಜೆ ನಾನು ಕಾಲು ಚಾಚಿ ಕೂತಾಗ ಅವಳು ಶೂ ಹಾಕಿಕೊಳ್ಳುತ್ತಿರುತ್ತಾಳೆ.